ಕುಲದ ಹಕ್ಕೂ ವ್ಯಕ್ತಿಯ ಹಕ್ಕೂ



ಮಾನವ ಹಕ್ಕುಗಳನ್ನು ಕುರಿತು ನಾವು ಕೇಳುವ ಭಾಷಣಗಳೂ ಓದುವ ಲೇಖನಗಳೂ ಸಾಮಾನ್ಯವಾಗಿ ಒಂದೇ ಚಿತ್ರವನ್ನು ಮುಂದಿಟ್ಟುಕೊಂಡಿರುತ್ತವೆ. ಒಬ್ಬ ವ್ಯಕ್ತಿ, ಅವನೆದುರಿಗೆ ಅವನಿಗಿಂತ ಬಲಿಷ್ಠವಾದ ರಾಜ್ಯಶಕ್ತಿ, ನಡುವೆ ತಡೆಗೋಡೆಯಾಗಿ ನಿಂತ ಕಾನೂನು. ಈ ಚಿತ್ರ ತಪ್ಪಲ್ಲ. ಆದರೆ ಹಕ್ಕು ಕೇಳುತ್ತಿರುವುದು ಒಬ್ಬ ವ್ಯಕ್ತಿಯಲ್ಲ, ಒಂದು ಇಡೀ ಬುಡಕಟ್ಟು ಎಂದಾದರೆ? ಆ ಬುಡಕಟ್ಟೇ ತನ್ನ ಮಗಳೊಬ್ಬಳ ಮಕ್ಕಳನ್ನು ಹೊರಗಿಟ್ಟಿತೆಂದಾದರೆ? ಆಗ ಬಲಿಷ್ಠರು ಯಾರು, ದುರ್ಬಲರು ಯಾರು ಎಂಬುದೇ ಗೊಂದಲಕ್ಕೆ ಬೀಳುತ್ತದೆ. ಇದು ಪಂಡಿತರ ತರ್ಕವಿನೋದವಲ್ಲ. ಕಳೆದ ಅರ್ಧ ಶತಮಾನದಲ್ಲಿ ಲೋಕದ ಅನೇಕ ನ್ಯಾಯಪೀಠಗಳು ಈ ಪ್ರಶ್ನೆಯೆದುರು ನಿಂತು ತಡವರಿಸಿವೆ. ಒಂದು ಹೆಣ್ಣುಮಗಳ ಮೊಕದ್ದಮೆಯಿಂದಲೇ ವಿಚಾರವನ್ನು ಆರಂಭಿಸೋಣ.

ಅಮೆರಿಕ ಸಂಯುಕ್ತ ಸಂಸ್ಥಾನದ ನ್ಯೂ ಮೆಕ್ಸಿಕೊ ಪ್ರಾಂತದಲ್ಲಿ, ರಿಯೊ ಗ್ರಾಂಡ್ ನದಿಯ ದಡದಲ್ಲಿ ಸಾಂತಾ ಕ್ಲಾರಾ ಪ್ಯೂಬ್ಲೋ ಎಂಬ ಊರಿದೆ. ಊರೆಂದರೆ ಬರಿಯ ಊರಲ್ಲ. ತೇವಾ ಎಂಬ ನುಡಿಯನ್ನಾಡುವ ಒಂದು ಮೂಲನಿವಾಸಿ ಜನಾಂಗ, ಅದರ ನೆಲ, ಅದರ ಆಡಳಿತ, ಅದರ ದೇವತಾರಾಧನೆ ಎಲ್ಲವೂ ಸೇರಿ ಆ ಹೆಸರು. ಸ್ಪೇನಿನವರು ಬರುವುದಕ್ಕೆ ಮುಂಚಿನಿಂದಲೂ ಆ ಜನ ಆ ಕಣಿವೆಯವರು. 1939ರಲ್ಲಿ ಆ ಸಮುದಾಯದ ಮಂಡಳಿ ಒಂದು ಕಟ್ಟಳೆ ಮಾಡಿತು. ಕುಲದ ಗಂಡಸು ಹೊರಗಿನ ಹೆಣ್ಣನ್ನು ಮದುವೆಯಾದರೆ ಅವನ ಮಕ್ಕಳು ಕುಲದವರು. ಕುಲದ ಹೆಣ್ಣು ಹೊರಗಿನವನನ್ನು ಮದುವೆಯಾದರೆ ಅವಳ ಮಕ್ಕಳು ಕುಲದವರಲ್ಲ. ಕಟ್ಟಳೆಯ ಸಾರ ಇಷ್ಟೆ.

ಎರಡು ವರ್ಷಗಳ ತರುವಾಯ, 1941ರಲ್ಲಿ, ಜೂಲಿಯಾ ಮಾರ್ಟಿನೆಜ್ ಎಂಬ ಆ ಕುಲದ ಹೆಣ್ಣುಮಗಳು ನವಾಹೋ ಜನಾಂಗದ ಒಬ್ಬನನ್ನು ವಿವಾಹವಾದಳು. ಅವನೂ ಮೂಲನಿವಾಸಿಯೇ, ಆದರೆ ಬೇರೆ ಜನಾಂಗದವನು. ದಂಪತಿಗಳು ಅವಳ ಊರಿನಲ್ಲಿಯೇ ನೆಲೆಸಿದರು. ಮಕ್ಕಳು ಅಲ್ಲಿಯೇ ಹುಟ್ಟಿ ಬೆಳೆದರು. ತೇವಾ ನುಡಿಯನ್ನೇ ಕಲಿತರು. ಊರಿನ ಆಚರಣೆಗಳಲ್ಲಿಯೇ ಬೆರೆತರು. ಆದರೂ ಕಟ್ಟಳೆಯ ಪ್ರಕಾರ ಅವರು ಪರಕೀಯರು. ಕುಲದ ಚುನಾವಣೆಯಲ್ಲಿ ಮತ ಹಾಕುವಂತಿಲ್ಲ. ತಾಯಿ ತೀರಿಕೊಂಡರೆ ಅವಳ ಮನೆಯಾಗಲಿ, ಸಮುದಾಯದ ನೆಲದಲ್ಲಿ ಅವಳಿಗಿದ್ದ ಪಾಲಾಗಲಿ ಅವರಿಗೆ ಬರುವಂತಿಲ್ಲ. ಆ ಊರಿನಲ್ಲಿ ಉಳಿಯುವ ಹಕ್ಕು ಕೂಡ ಇಲ್ಲ. ಊರ ಹಿರಿಯರಲ್ಲಿ ತಾಯಿ ಮಾಡಿಕೊಂಡ ಮೊರೆಗಳು ಫಲಿಸಲಿಲ್ಲ. ಕಡೆಗೆ ತಾಯಿ ಮತ್ತು ಒಬ್ಬ ಮಗಳು ಸಂಯುಕ್ತ ಸರ್ಕಾರದ ನ್ಯಾಯಾಲಯದ ಮೆಟ್ಟಿಲು ಹತ್ತಿದರು.

ಅವರಿಗೆ ಆಧಾರವಾಗಿದ್ದುದು 1968ರ ಒಂದು ಶಾಸನ. ಅದರ ಹಿನ್ನೆಲೆಯನ್ನು ತಿಳಿಯದೆ ಮುಂದೆ ಹೋಗುವಂತಿಲ್ಲ. ಅಮೆರಿಕದ ಸಂವಿಧಾನದಲ್ಲಿ ಪೌರರಿಗೆ ಕೊಟ್ಟಿರುವ ಮೂಲಭೂತ ಹಕ್ಕುಗಳು ಮೂಲನಿವಾಸಿ ಜನಾಂಗಗಳ ಆಂತರಿಕ ಆಡಳಿತಕ್ಕೆ ಅನ್ವಯಿಸುವುದಿಲ್ಲ ಎಂದು ಅಲ್ಲಿಯ ಸರ್ವೋಚ್ಚ ನ್ಯಾಯಾಲಯ 1896ರಲ್ಲಿಯೇ ತೀರ್ಪಿತ್ತಿತ್ತು. ಆ ಜನಾಂಗಗಳ ಸ್ವಯಮಾಡಳಿತ ಸಂವಿಧಾನಕ್ಕಿಂತ ಹಳೆಯದು, ಸಂವಿಧಾನದಿಂದ ಹುಟ್ಟಿದ್ದಲ್ಲ ಎಂಬುದು ಅದರ ಯುಕ್ತಿ. ಇದು ಒಂದು ದೃಷ್ಟಿಯಿಂದ ದೊಡ್ಡ ಗೌರವ. ಇನ್ನೊಂದು ದೃಷ್ಟಿಯಿಂದ ಆ ಜನಾಂಗದೊಳಗೆ ಅನ್ಯಾಯಕ್ಕೊಳಗಾದವನಿಗೆ ಹೊರಗೆ ಬಾಗಿಲೇ ಇಲ್ಲದಂತಾಯಿತು. 1954ರಲ್ಲಿ ಹೇಮೆಸ್ ಎಂಬ ಇನ್ನೊಂದು ಪ್ಯೂಬ್ಲೋ ಊರಿನ ಆರು ಮಂದಿ ಪ್ರಾಟೆಸ್ಟೆಂಟ್ ಮತಸ್ಥರು, ತಮ್ಮವರ ಶವಗಳನ್ನು ಊರಿನ ಸ್ಮಶಾನದಲ್ಲಿ ಹೂಳಲು ಬಿಡುತ್ತಿಲ್ಲ, ಪ್ರಾರ್ಥನಾಮಂದಿರ ಕಟ್ಟಲು ಬಿಡುತ್ತಿಲ್ಲ ಎಂದು ದೂರಿತ್ತಾಗ ನ್ಯಾಯಾಲಯ ಕೈಚೆಲ್ಲಿತು. ಇಂಥ ದೂರುಗಳು ಸೇರಿ ಸೇರಿ 1968ರ ಶಾಸನವಾಯಿತು. ಸಂವಿಧಾನದ ಹಕ್ಕುಗಳಲ್ಲಿ ಬಹುಪಾಲನ್ನು ಅದು ಬುಡಕಟ್ಟುಗಳ ಆಡಳಿತಕ್ಕೂ ವಿಸ್ತರಿಸಿತು. ಆದರೆ ಎಲ್ಲವನ್ನೂ ಅಲ್ಲ. ಸರ್ಕಾರಕ್ಕೊಂದು ಅಧಿಕೃತ ಮತ ಇರಕೂಡದೆಂಬ ನಿಯಮವನ್ನು ಬೇಕೆಂದೇ ಕೈಬಿಟ್ಟಿತು. ಏಕೆಂದರೆ ಪ್ಯೂಬ್ಲೋ ಜನಗಳಲ್ಲಿ ಆಡಳಿತ ಮತ್ತು ಆರಾಧನೆ ಎರಡಲ್ಲ, ಒಂದೇ. ಅದನ್ನು ಬಿಡಿಸಹೋದರೆ ಆ ಸಮುದಾಯವೇ ಬಿಚ್ಚಿಹೋಗುತ್ತದೆ. ಶಾಸನ ಮಾಡಿದವರಿಗೆ ಇಷ್ಟು ಪರಿಜ್ಞಾನವಿತ್ತೆಂಬುದನ್ನು ಮೆಚ್ಚಬೇಕು.

ಇಂಥ ಶಾಸನವನ್ನು ಹಿಡಿದು ತಾಯಿ–ಮಗಳು ಸಮಾನತೆಯನ್ನು ಕೇಳಿದರು. ಕೆಳಗಿನ ನ್ಯಾಯಾಲಯ ಸಮುದಾಯದ ಪರವಾಗಿ ಹೇಳಿತು; ಮೇಲ್ಮನವಿಯ ನ್ಯಾಯಾಲಯ ತಾಯಿಯ ಪರವಾಗಿ ಹೇಳಿತು; 1978ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯ ಮತ್ತೆ ಸಮುದಾಯದ ಪರವಾಗಿ ಹೇಳಿತು. ಆ ತೀರ್ಪನ್ನು ಬರೆದವರು ಥರ್ಗುಡ್ ಮಾರ್ಷಲ್. ಆ ಪೀಠವನ್ನೇರಿದ ಮೊದಲ ಕಪ್ಪು ವರ್ಣೀಯ ನ್ಯಾಯಮೂರ್ತಿ; 1954ರಲ್ಲಿ ಶಾಲೆಗಳಲ್ಲಿನ ವರ್ಣಭೇದವನ್ನು ಅದೇ ನ್ಯಾಯಾಲಯದಲ್ಲಿ ವಾದಿಸಿ ಕೆಡವಿದ ವಕೀಲರು. ಸಮಾನತೆಯ ವಿಷಯದಲ್ಲಿ ಅವರಿಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ. ಅಂಥವರೇ, ಶಾಸನ ಹಕ್ಕನ್ನು ಕೊಟ್ಟಿದ್ದರೂ ಬಂಧನಕ್ಕೊಳಗಾದವರ ವಿಚಾರವೊಂದನ್ನು ಬಿಟ್ಟರೆ ಹೊರಗಿನ ನ್ಯಾಯಾಲಯಕ್ಕೆ ಬರುವ ದಾರಿಯನ್ನು ಕೊಟ್ಟಿಲ್ಲ, ಈ ವ್ಯಾಜ್ಯವನ್ನು ಆ ಸಮುದಾಯದ ವೇದಿಕೆಯಲ್ಲಿಯೇ ಬಗೆಹರಿಸಿಕೊಳ್ಳಬೇಕು ಎಂದರು. ಭಿನ್ನಮತ ಬರೆದವರು ಒಬ್ಬರೇ, ನ್ಯಾಯಮೂರ್ತಿ ವೈಟ್. ಪರಿಹಾರವಿಲ್ಲದ ಹಕ್ಕು ಎಂಥ ಹಕ್ಕು ಎಂಬುದು ಅವರ ಆಕ್ಷೇಪದ ತಿರುಳು.

ವಾಚಕರೆ, ಇದನ್ನು ಓದಿದೊಡನೆ ನಿಮ್ಮ ಮನಸ್ಸು ಯಾವ ಕಡೆಗೆ ವಾಲಿತೆಂಬುದನ್ನು ನಾನು ಊಹಿಸಬಲ್ಲೆ. ಶರಣ ಪರಂಪರೆಯ ಅನ್ನವನ್ನುಂಡು ಬೆಳೆದ ನಮಗೆ ತಾಯಿಯ ಪಕ್ಷವೇ ಸಹಜವಾದುದು. ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ನಡೆದ ಮದುವೆ, ಅದಕ್ಕಾಗಿ ಆ ಹಿರಿಯರು ಎಳೆಹೂಟೆಯ ಶಿಕ್ಷೆಯನ್ನನುಭವಿಸಿದ ಕಥೆ, ಕಲ್ಯಾಣ ಹಾಳಾದ ಕಥೆ ನಮ್ಮ ರಕ್ತದಲ್ಲಿ ಸೇರಿದೆ. ಎಲ್ಲೆ ಮೀರಿದ ಮದುವೆಯನ್ನು ದಂಡಿಸುವ ಕಟ್ಟಳೆ ಎಂದೊಡನೆ ನಮಗೆ ಬಿಜ್ಜಳನ ಆಸ್ಥಾನವೇ ಕಣ್ಣಿಗೆ ಬರುತ್ತದೆ. ನನಗೂ ಮೊದಲು ಬಂದದ್ದು ಅದೇ.

ಆದರೆ ಹೋಲಿಕೆಯನ್ನು ಸ್ವಲ್ಪ ನಿಧಾನವಾಗಿ ಪರೀಕ್ಷಿಸಬೇಕು. ಕಲ್ಯಾಣದಲ್ಲಿ ದಂಡಿಸಿದ್ದು ರಾಜ್ಯಶಕ್ತಿ. ದಂಡನೆಯ ಹಿಂದೆ ನಿಂತಿದ್ದುದು ದೇಶವನ್ನೆಲ್ಲ ಆವರಿಸಿದ್ದ ವರ್ಣವ್ಯವಸ್ಥೆ. ಎಳೆಹೂಟೆಗೊಳಗಾದ ಶರಣರೇ ಅಲ್ಲಿ ಸಣ್ಣ ಸಮುದಾಯ. ಸಾಂತಾ ಕ್ಲಾರಾದಲ್ಲಿ ಕಟ್ಟಳೆ ಮಾಡಿದವರು ಒಂದು ಮಹಾರಾಜ್ಯದ ಹೊಟ್ಟೆಯೊಳಗೆ ಉಳಿದುಕೊಂಡಿರುವ ಚಿಕ್ಕ ಜನ. ಅವರ ನೆಲ ಇಷ್ಟೇ ಇಷ್ಟು. ಹೊರಗಿನವರೊಡನೆ ಮದುವೆಗಳು ಹೆಚ್ಚುತ್ತಿದ್ದವು. ಪ್ರತಿಯೊಂದು ಮದುವೆಯೊಡನೆ ಸಮುದಾಯದ ನೆಲಕ್ಕೆ ಹೊಸ ಹಕ್ಕುದಾರರು ಸೇರುತ್ತಿದ್ದರು. ತಮ್ಮವರು ಯಾರು ಎಂಬುದನ್ನು ತಾವೇ ನಿಶ್ಚಯಿಸುವ ಅಧಿಕಾರವೂ ಹೋದರೆ ಆಮೇಲೆ ಉಳಿಯುವುದೇನು? ಒಂದು ಶತಮಾನಕ್ಕೂ ಮಿಗಿಲಾದ ಕಾಲ ಅಮೆರಿಕದ ಸರ್ಕಾರ ಮೂಲನಿವಾಸಿಗಳ ಉದ್ಧಾರದ ಹೆಸರಿನಲ್ಲಿಯೇ ಅವರ ನೆಲವನ್ನು ತುಂಡು ಮಾಡಿ ಹಂಚಿತು, ಮಕ್ಕಳನ್ನು ದೂರದ ವಸತಿಶಾಲೆಗಳಿಗೆ ಒಯ್ದು ತಾಯ್ನುಡಿ ಆಡಿದರೆ ಶಿಕ್ಷಿಸಿತು. ಅಂಥ ಸರ್ಕಾರದ ನ್ಯಾಯಾಲಯ ಬಂದು ಈಗ ನಿಮಗೆ ಸಮಾನತೆಯನ್ನು ಕಲಿಸುತ್ತೇನೆ ಎಂದರೆ ಆ ಹಿರಿಯರು ಬಾಗಿಲು ಮುಚ್ಚಿದುದನ್ನು ಬರಿಯ ಮೌಢ್ಯವೆನ್ನಲಾಗದು.

ಹಾಗೆಂದು ಕಟ್ಟಳೆ ನ್ಯಾಯವಾಗುವುದೆ? ನೆಲ ಸಾಲದೆಂಬುದೇ ಕಾರಣವಾದರೆ ಗಂಡಸರ ಹೊರಮದುವೆಯಿಂದಲೂ ನೆಲ ಸಾಲದೆ ಹೋಗಬೇಕಷ್ಟೆ. ಭಾರವನ್ನು ಹೆಣ್ಣಿನ ತಲೆಯ ಮೇಲೆ ಮಾತ್ರ ಹೊರಿಸಿದ್ದಕ್ಕೆ ನೆಲ ಉತ್ತರ ಕೊಡುವುದಿಲ್ಲ. ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಆ ಕಟ್ಟಳೆ ಅನಾದಿಯಾದುದಲ್ಲ. 1939ಕ್ಕೆ ಮೊದಲು ಇಂಥ ಮದುವೆಗಳ ಮಕ್ಕಳ ವಿಷಯವನ್ನು ಒಂದೊಂದಾಗಿಯೇ ನೋಡಿ ತೀರ್ಮಾನಿಸುತ್ತಿದ್ದರು. 1934ರಲ್ಲಿ ಅಮೆರಿಕ ಸರ್ಕಾರ ಬುಡಕಟ್ಟುಗಳ ಪುನಸ್ಸಂಘಟನೆಗೆಂದು ಶಾಸನ ಮಾಡಿತು; ಅದರ ಅಡಿಯಲ್ಲಿ 1935ರಲ್ಲಿ ಸಾಂತಾ ಕ್ಲಾರಾದವರು ಲಿಖಿತ ಸಂವಿಧಾನವನ್ನು ಮಾಡಿಕೊಂಡರು; ಅದಾಗಿ ನಾಲ್ಕು ವರ್ಷಕ್ಕೆ ಈ ಕಟ್ಟಳೆ. ಹಿಂದೆ ಹಿರಿಯರ ವಿವೇಚನೆಯಲ್ಲಿ ಬಾಗುತ್ತಿದ್ದುದು ಕಾಗದದ ಮೇಲೆ ಬಂದೊಡನೆ ಬಾಗದಾಯಿತು. ‘ನಮ್ಮ ಸಂಪ್ರದಾಯ’ ಎಂದು ಯಾವುದನ್ನಾದರೂ ಎತ್ತಿಹಿಡಿದಾಗ ಅದು ಎಷ್ಟು ಹಳೆಯದು, ಯಾರು ಬರೆದಿಟ್ಟರು ಎಂದು ಕೇಳುವುದು ಸಂಪ್ರದಾಯಕ್ಕೆ ಅಗೌರವವಲ್ಲ.

ಇದಕ್ಕೆ ಎದುರಾಗಿ ಇಡಬೇಕಾದ ಇನ್ನೊಂದು ಮೊಕದ್ದಮೆಯುಂಟು. ಕೆನಡಾ ದೇಶದ ನ್ಯೂ ಬ್ರನ್ಸ್‌ವಿಕ್ ಪ್ರಾಂತದ ಟೋಬಿಕ್ ಎಂಬಲ್ಲಿಯ ಮಾಲಿಸೀಟ್ ಜನಾಂಗದ ಸಾಂಡ್ರಾ ಲವ್‌ಲೇಸ್ 1970ರಲ್ಲಿ ಹೊರಗಿನವನನ್ನು ಮದುವೆಯಾದಳು. ಒಡನೆಯೇ ಕಾನೂನಿನ ಪ್ರಕಾರ ಅವಳು ಮೂಲನಿವಾಸಿಯೇ ಅಲ್ಲವೆಂದಾಯಿತು. ಮದುವೆ ಮುರಿದು ತೌರಿಗೆ ಬಂದರೆ ಅಲ್ಲಿ ಮನೆ ಕಟ್ಟಿಕೊಳ್ಳುವ ಹಕ್ಕಿಲ್ಲ. 1977ರ ಕೊನೆಯಲ್ಲಿ ಅವಳು ತನ್ನ ದೂರನ್ನು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿಗೆ ಒಯ್ದಳು. 1981ರ ಜುಲೈನಲ್ಲಿ ಸಮಿತಿ ಅವಳ ಪರವಾಗಿ ಅಭಿಪ್ರಾಯವಿತ್ತಿತು. ಅದು ಹಿಡಿದ ದಾರಿ ವಿಚಾರಾರ್ಹವಾದುದು. 1966ರ ಅಂತರರಾಷ್ಟ್ರೀಯ ಒಡಂಬಡಿಕೆಯ 27ನೆಯ ವಿಧಿ ಅಲ್ಪಸಂಖ್ಯಾತ ಜನಾಂಗಗಳಿಗೆ ಸೇರಿದವರಿಗೆ ತಮ್ಮವರೊಡಗೂಡಿ ತಮ್ಮ ಸಂಸ್ಕೃತಿಯನ್ನು ಬಾಳುವ ಹಕ್ಕನ್ನು ಕೊಡುತ್ತದೆ. ಸಮಿತಿ ಈ ವಿಧಿಯನ್ನು ಮುಂದಿಟ್ಟು, ಅವಳ ಸಂಸ್ಕೃತಿ ಇರುವುದು ಆ ಒಂದು ಊರಿನಲ್ಲಿ. ಅಲ್ಲಿಂದ ಅವಳನ್ನು ದೂರವಿಟ್ಟರೆ ಅವಳ ಈ ಹಕ್ಕೇ ಹೋಯಿತು ಎಂದಿತು. ವ್ಯಕ್ತಿಯನ್ನು ಸಮುದಾಯದಿಂದ ಬಿಡಿಸುವುದಕ್ಕಲ್ಲ, ಸಮುದಾಯಕ್ಕೆ ಮರಳಿಸುವುದಕ್ಕಾಗಿ ಮಾನವ ಹಕ್ಕು ಇಲ್ಲಿ ಬಳಕೆಯಾಯಿತು. 1979ರಲ್ಲಿ ಟೋಬಿಕ್‌ನ ಹೆಂಗಸರು ಮಕ್ಕಳನ್ನು ಕಟ್ಟಿಕೊಂಡು ಓಕಾದಿಂದ ಒಟಾವಾ ನಗರಕ್ಕೆ ಕಾಲ್ನಡಿಗೆಯಲ್ಲಿ ಹೋಗಿದ್ದರು. 1985ರಲ್ಲಿ ಕೆನಡಾ ತನ್ನ ಕಾನೂನನ್ನು ತಿದ್ದಿತು.

ಎರಡು ಪ್ರಕರಣಗಳೂ ಮೇಲುನೋಟಕ್ಕೆ ಒಂದೇ. ಒಳಗೆ ದೊಡ್ಡ ಭೇದವಿದೆ. ಮಾಲಿಸೀಟ್ ಹೆಣ್ಣನ್ನು ಹೊರಗಿಟ್ಟ ನಿಯಮ ಮಾಲಿಸೀಟ್ ಜನರದಲ್ಲ. ಕೆನಡಾದ ಸಂಸತ್ತು ಮಾಡಿದ್ದು. ಹೊರಗಿನವರು ಹಾಕಿದ ಗಂಟನ್ನು ಹೊರಗಿನವರಿಂದ ಬಿಚ್ಚಿಸುವುದರಲ್ಲಿ ಸ್ವಯಮಾಡಳಿತಕ್ಕೆ ಭಂಗವಿಲ್ಲ. ಸಾಂತಾ ಕ್ಲಾರಾದ ಗಂಟು ಒಳಗಿನವರೇ ಹಾಕಿದ್ದು. ಹಾಗಾಗಿ ಅಲ್ಲಿ ಧರ್ಮಸಂಕಟ.

ಕೆನಡಾದ ತತ್ತ್ವಚಿಂತಕ ವಿಲ್ ಕಿಮ್ಲಿಕಾ 1995ರ ತಮ್ಮ ಗ್ರಂಥದಲ್ಲಿ ಈ ಸಂಕಟಕ್ಕೆ ಒಂದು ವಿಭಜನೆಯನ್ನು ಸೂಚಿಸಿದರು. ಸಮುದಾಯ ತನ್ನನ್ನು ಹೊರಗಿನವರಿಂದ ಕಾಪಾಡಿಕೊಳ್ಳುವ ಹಕ್ಕು ಒಂದು; ತನ್ನ ಸದಸ್ಯರನ್ನೇ ಕಟ್ಟಿಹಾಕುವ ಹಕ್ಕು ಇನ್ನೊಂದು. ಮೊದಲನೆಯದನ್ನು ಮನ್ನಿಸೋಣ, ಎರಡನೆಯದನ್ನು ಬೇಡವೆನ್ನೋಣ ಎಂಬುದು ಅವರ ಮತ. ಕೇಳುವುದಕ್ಕೆ ಚೊಕ್ಕಟವಾಗಿದೆ. ಆದರೆ ಮಾರ್ಟಿನೆಜ್ ಪ್ರಕರಣದಲ್ಲಿ ಹೊರಗಿನವರನ್ನು ತಡೆಯುವ ಬೇಲಿಯೂ ಮಗಳನ್ನು ಚುಚ್ಚಿದ ಮುಳ್ಳೂ ಒಂದೇ. ಬೇಲಿ ಬೇಕು, ಮುಳ್ಳು ಬೇಡ ಎಂದರೆ ಹೇಗೆ?

ಇನ್ನು ಕೆಲವರು, ಇಷ್ಟವಿಲ್ಲದವರು ಸಮುದಾಯವನ್ನು ಬಿಟ್ಟು ಹೋಗಲು ಸ್ವತಂತ್ರರಾಗಿದ್ದರೆ ಸಾಕು ಎನ್ನುತ್ತಾರೆ. ಸಂಘವನ್ನೋ ಸಹಕಾರಿ ಪತ್ತಿನ ಸೊಸೈಟಿಯನ್ನೋ ಬಿಡುವವನಿಗೆ ಈ ಮಾತು ಸರಿ. ಜೂಲಿಯಾ ಮಾರ್ಟಿನೆಜ್ ಕೇಳಿದ್ದು ಹೊರಗೆ ಹೋಗುವ ಸ್ವಾತಂತ್ರ್ಯವನ್ನಲ್ಲ, ತನ್ನ ಮಕ್ಕಳು ಒಳಗೆ ಉಳಿಯುವ ಹಕ್ಕನ್ನು. ಆಕೆ ತನ್ನ ಜನದ ವೈರಿಯಾಗಿರಲಿಲ್ಲ. ತನ್ನ ಜನವನ್ನು ಅಷ್ಟು ಪ್ರೀತಿಸುತ್ತಿದ್ದುದರಿಂದಲೇ ನ್ಯಾಯಾಲಯಕ್ಕೆ ಹೋದಳು. ಇದನ್ನು ನಾವು ಮರೆಯಬಾರದು.

ಪ್ರಕೃತ ವಿಷಯ ನಮ್ಮ ನಾಡಿಗೂ ದೂರದ್ದಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರನ್ನು ನೆನೆಯಿರಿ. ರಂಗಸ್ವಾಮಿ ತಮ್ಮ ಕುಲದ ಕುಸುಮಾಲೆಯನ್ನು ಮದುವೆಯಾದನೆಂದು ಅವರು ದೇವರನ್ನೇ ‘ಭಾವ’ ಎನ್ನುವ ಜನ. ಆ ಕಾಡಿನಲ್ಲಿ ಅವರ ಒಂದೊಂದು ಕುಲಕ್ಕೂ ಒಂದೊಂದು ಎಲ್ಲೆಯುಂಟು. ಎಲ್ಲೆಯೊಳಗೆ ಅವರ ದೇವರು, ಮಾರಮ್ಮ, ವೀರರ ನೆಲೆಗಳು, ಸತ್ತ ಹಿರಿಯರ ಕಲ್ಲುಗುಡಿಗಳು. 1974ರಲ್ಲಿ ಆ ಪ್ರದೇಶ ವನ್ಯಜೀವಿಧಾಮವಾಯಿತು. ಚದುರಿ ಬದುಕುತ್ತಿದ್ದವರನ್ನು ಪೋಡುಗಳಲ್ಲಿ ನೆಲೆ ನಿಲ್ಲಿಸಿದರು; ಬೇಟೆ ನಿಂತಿತು; ಕಾಡಿನ ಬೇಸಾಯ ನಿಂತಿತು; ತರಗಿಗೆ ಬೇಸಗೆಯ ಮೊದಲಲ್ಲಿ ಸಣ್ಣ ಬೆಂಕಿ ಹಾಕಿ ನೆಲವನ್ನು ಹಸನು ಮಾಡುತ್ತಿದ್ದ ರೂಢಿಯೂ ನಿಂತಿತು. ಈಗ ಆ ಕಾಡನ್ನು ಲಂಟಾನಾ ಪೊದೆ ನುಂಗುತ್ತಿದೆ. ಬೆಂಕಿ ನಿಂತದ್ದರಿಂದಲೇ ಇದು ಹೀಗೆ ಹಬ್ಬಿತೆಂದು ಸೋಲಿಗ ಹಿರಿಯರು ಹೇಳುತ್ತಾರೆ. 2011ರಲ್ಲಿ ಆ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ 2006ರ ಅರಣ್ಯ ಹಕ್ಕು ಕಾಯಿದೆಯ ಪ್ರಕಾರ ಸೋಲಿಗರ 25 ಗ್ರಾಮಸಭೆಗಳಿಗೆ ಸಾಮುದಾಯಿಕ ಅರಣ್ಯ ಹಕ್ಕುಪತ್ರಗಳು ದೊರೆತವು.

ಇಲ್ಲಿ ಹಕ್ಕುದಾರರು ಯಾರು? ಒಬ್ಬ ಸೋಲಿಗನಲ್ಲ, ಗ್ರಾಮಸಭೆ. ಜೇನನ್ನು, ನೆಲ್ಲಿಯನ್ನು, ಕಲ್ಲುಗುಡಿಯ ಪೂಜೆಯನ್ನು ತಲೆಗಿಷ್ಟೆಂದು ಹಂಚಿ ಪಟ್ಟಾ ಬರೆದುಕೊಡಲು ಬರುವುದಿಲ್ಲ. ಇಂಥ ಹಕ್ಕನ್ನು ವ್ಯಕ್ತಿಹಕ್ಕುಗಳ ಮೊತ್ತವೆಂದು ತಿಳಿಯುವವರು ಹಕ್ಕಿನ ಸ್ವರೂಪವನ್ನೇ ಅರಿಯದವರು. 2001ರಲ್ಲಿ ಅಮೆರಿಕ ಖಂಡದ ಮಾನವ ಹಕ್ಕುಗಳ ನ್ಯಾಯಾಲಯ ನಿಕರಾಗುವಾ ದೇಶದ ಆವಾಸ್ ತಿಂಗ್ನಿ ಎಂಬ ಸಮುದಾಯದ ಮೊಕದ್ದಮೆಯಲ್ಲಿ ಇದನ್ನೇ ಒಪ್ಪಿತು. ಅವರ ಕಾಡನ್ನು ಸರ್ಕಾರ ಮರ ಕಡಿಯುವ ಕಂಪನಿಗೆ ಕೊಟ್ಟಿತ್ತು. ಆಸ್ತಿಯ ಹಕ್ಕನ್ನು ಕುರಿತ ವಿಧಿಯೊಳಗೆ ಸಮುದಾಯ ಒಟ್ಟಾಗಿ ಹಿಡಿದಿರುವ ನೆಲವೂ ಸೇರುತ್ತದೆಂದು ನ್ಯಾಯಾಲಯ ಅರ್ಥ ಮಾಡಿತು. ನಮ್ಮಲ್ಲಿ 2013ರ ಏಪ್ರಿಲ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ಒಡಿಶಾದ ನಿಯಮಗಿರಿಯಲ್ಲಿ ಬಾಕ್ಸೈಟ್ ಅಗೆಯಬೇಕೆ ಬೇಡವೆ ಎಂಬುದನ್ನು ಗ್ರಾಮಸಭೆಗಳೇ ಪರಿಶೀಲಿಸಲಿ ಎಂದಿತು. ಡೋಂಗ್ರಿಯಾ ಕೊಂಧ ಜನರಿಗೆ ಆ ಗಿರಿಯೇ ನಿಯಮರಾಜನೆಂಬ ದೇವರು. ಹನ್ನೆರಡು ಹಳ್ಳಿಗಳು ಸಭೆ ಸೇರಿದವು, ಹನ್ನೆರಡೂ ಬೇಡವೆಂದವು. ಸಾಮೂಹಿಕ ಹಕ್ಕೆಂಬುದು ಏಕೆ ಬೇಕು ಎಂದು ಕೇಳುವವರಿಗೆ ಇದಕ್ಕಿಂತ ಬೇರೆ ಉತ್ತರ ಬೇಕಾಗಿಲ್ಲ.

ನಮ್ಮ 2006ರ ಕಾಯಿದೆಯಲ್ಲಿ ಇನ್ನೊಂದು ವಿವೇಕವಿದೆ; ಹೆಚ್ಚು ಮಂದಿ ಇದನ್ನು ಗಮನಿಸಿಲ್ಲ. ಸಾಗುವಳಿ ನೆಲದ ಹಕ್ಕುಪತ್ರ ದಂಪತಿಗಳಿಬ್ಬರ ಹೆಸರಿನಲ್ಲಿ ಜಂಟಿಯಾಗಿ ಇರಬೇಕೆಂದು ಅದು ಹೇಳುತ್ತದೆ. ಗ್ರಾಮಸಭೆಯ ಕೋರಂ ಪೂರ್ತಿಯಾಗಬೇಕಾದರೆ ಹಾಜರಾದವರಲ್ಲಿ ಮೂರನೆಯ ಒಂದು ಭಾಗವಾದರೂ ಹೆಂಗಸರಿರಬೇಕೆಂದು ಅದರ ನಿಯಮಗಳು ಹೇಳುತ್ತವೆ. ಎಂದರೆ, ಸಮುದಾಯಕ್ಕೆ ಅಧಿಕಾರವನ್ನು ಕೊಡುವ ಕೈಯೇ ಸಮುದಾಯವೆಂದರೆ ಯಾರೆಂಬುದನ್ನೂ ಸೂಚಿಸುತ್ತದೆ. ನಾಲ್ವರು ಯಜಮಾನರು ಅರಳಿಕಟ್ಟೆಯ ಮೇಲೆ ಕುಳಿತರೆ ಅದು ಗ್ರಾಮಸಭೆಯಾಗದು. ಕಾಗದದಲ್ಲಿರುವುದೆಲ್ಲ ಪೋಡಿನಲ್ಲಿ ನಡೆಯುತ್ತದೆಯೆ ಎಂಬುದು ಬೇರೆಯ ಮಾತು.

ಸೋಲಿಗರನ್ನು ಕುರಿತು ಹೇಳುವಾಗ ಸಂಕಮ್ಮನ ಸಾಲನ್ನು ನೆನೆಯದಿರಲು ಸಾಧ್ಯವಿಲ್ಲ. ಮಲೆಯ ಮಹದೇಶ್ವರನ ಕಾವ್ಯವನ್ನು ದೇವರಗುಡ್ಡರು ಕಂಸಾಳೆ ಹಿಡಿದು ಹಾಡುವಾಗ ಕೇಳುಗರ ಕಣ್ಣು ತೇವವಾಗುವುದು ಈ ಭಾಗದಲ್ಲಿ. ಸೋಲಿಗರ ನೀಲೇಗೌಡ ಕಾಡಿಗೆ ಹೊರಡುವ ಮುನ್ನ ಹೆಂಡತಿ ಸಂಕಮ್ಮನಿಂದ ಶೀಲದ ಬಗೆಗೆ ಬಲಗೈ ಭಾಷೆ ಕೇಳುತ್ತಾನೆ. ಅವಳು ಕೊಡುವುದಿಲ್ಲ. ತಪ್ಪಿಲ್ಲದವಳು ಭಾಷೆ ಏಕೆ ಕೊಡಬೇಕು ಎಂಬುದು ಅವಳ ನಿಲುವು. ಅದಕ್ಕಾಗಿ ಅವನು ಕೊಡುವ ಹಿಂಸೆ ಘೋರವಾದುದು. ಮಹದೇಶ್ವರ ಅವಳ ಮೊರೆಗೆ ಓಗೊಡುತ್ತಾನೆ. ಅವಳ ಹೊಟ್ಟೆಯಲ್ಲಿ ಹುಟ್ಟಿದ ಕಾರಯ್ಯ ಬಿಲ್ಲಯ್ಯರು ಆ ಪರಂಪರೆಯಲ್ಲಿ ಪೂಜ್ಯರಾಗುತ್ತಾರೆ. ಈ ಕಥೆ ಪಾಠಶಾಲೆಯಿಂದ ಬಂದುದಲ್ಲ, ಸುಧಾರಕರು ಹೊರಗಿನಿಂದ ತಂದುದಲ್ಲ. ಬಲಗೈ ಭಾಷೆ ಕೇಳುವ ಗಂಡನೂ ಆ ನೆಲದವನೇ, ಕೊಡೆನೆಂದವಳೂ ಆ ನೆಲದವಳೇ. ಯಾವ ಬುಡಕಟ್ಟಿನ ಸಂಪ್ರದಾಯವೂ ಒಂದೇ ಕಂಠದಿಂದ ಮಾತಾಡುವುದಿಲ್ಲ. ಹೊರಗಿನವರು ಬಂದು ನಿಮ್ಮ ಸಂಪ್ರದಾಯವೇನೆಂದು ಕೇಳಿದಾಗ ಉತ್ತರ ಹೇಳಲು ಮುಂದೆ ಬರುವವರು ನೀಲೇಗೌಡರು. ನ್ಯಾಯಾಧೀಶರು ಬರೆದುಕೊಳ್ಳುವುದೂ ಅವರ ಹೇಳಿಕೆಯನ್ನೇ.

ಈ ಮಾತು ಅತಿಶಯೋಕ್ತಿಯಲ್ಲವೆಂಬುದಕ್ಕೆ ನಮ್ಮ ನ್ಯಾಯಾಲಯಗಳ ಚರಿತ್ರೆಯೇ ಸಾಕ್ಷಿ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 2(2)ನೆಯ ಪ್ರಕರಣ ಪರಿಶಿಷ್ಟ ಪಂಗಡಗಳನ್ನು ಆ ಕಾಯಿದೆಯಿಂದ ಹೊರಗಿಟ್ಟಿದೆ. ಉದ್ದೇಶ ಒಳ್ಳೆಯದೇ, ಅವರ ರೂಢಿಗಳು ಅವರಿಗಿರಲಿ ಎಂದು. ಫಲವಾಗಿ, ಆಸ್ತಿಯಲ್ಲಿ ಬುಡಕಟ್ಟಿನ ಹೆಣ್ಣಿನ ಪಾಲು ರೂಢಿಯ ಕೈಗೆ ಹೋಯಿತು. ಛೋಟಾ ನಾಗಪುರದ ಹೋ ಮೊದಲಾದ ಜನಾಂಗಗಳ ಹೆಂಗಸರ ವಿಷಯವಾಗಿ ಮಧು ಕಿಶ್ವರ್ ಮೊದಲಾದವರು ತಂದ ವ್ಯಾಜ್ಯದಲ್ಲಿ 1996ರಲ್ಲಿ ಸರ್ವೋಚ್ಚ ನ್ಯಾಯಾಲಯದ ಬಹುಮತ, ಗಂಡುಸಂತತಿಗೆ ನೆಲ ಹೋಗುವ ನಿಯಮವನ್ನು ರದ್ದುಮಾಡಲು ಹಿಂಜರಿಯಿತು. ಹೆಣ್ಣಿಗೆ ನೆಲ ಕೊಟ್ಟರೆ ಅವಳನ್ನು ಮದುವೆಯಾಗುವ ಹೊರಗಿನವನ ಕೈಗೆ ಅದು ಸೇರುತ್ತದೆಂಬ ಭಯ ಅಲ್ಲಿಯೂ ಇತ್ತು. ಆ ನೆಲಗಳನ್ನು ಹೊರಗಿನವರು ಯಾವ ಯಾವ ಉಪಾಯಗಳಿಂದ ಕಬಳಿಸಿದ್ದಾರೆಂಬುದನ್ನು ಬಲ್ಲವರು ಆ ಭಯವನ್ನು ನಗೆಯಾಡಲಾರರು. ನ್ಯಾಯಾಲಯ ನಡುದಾರಿ ಹಿಡಿದು, ಆ ನೆಲದ ಮೇಲೆಯೇ ಬದುಕುವ ಹೆಂಗಸರನ್ನು ಒಕ್ಕಲೆಬ್ಬಿಸಬಾರದೆಂದು ಹೇಳಿ ನಿಲ್ಲಿಸಿತು. ನ್ಯಾಯಮೂರ್ತಿ ರಾಮಸ್ವಾಮಿಯವರು ಮಾತ್ರ ಸಮಾನ ಪಾಲಿನ ಪರವಾಗಿ ಬೇರೆ ತೀರ್ಪು ಬರೆದರು.

ಸುಮಾರು ಮೂವತ್ತು ವರ್ಷಗಳ ಮೇಲೆ, 2025ರ ಜುಲೈನಲ್ಲಿ, ಛತ್ತೀಸಗಡದ ಒಬ್ಬ ಗೊಂಡ ಹೆಣ್ಣುಮಗಳ ಮಕ್ಕಳು ತಾಯಿಯ ತಂದೆಯ ಆಸ್ತಿಯಲ್ಲಿ ಪಾಲು ಕೇಳಿದ ವ್ಯಾಜ್ಯ ಅದೇ ನ್ಯಾಯಾಲಯದ ಮುಂದೆ ಬಂದಿತು. ಕೆಳಗಿನ ನ್ಯಾಯಾಲಯಗಳು, ಹೆಣ್ಣಿಗೆ ಪಾಲು ಕೊಡುವ ರೂಢಿ ನಿಮ್ಮಲ್ಲಿ ಇದೆಯೆಂದು ನೀವು ರುಜುವಾತು ಮಾಡಲಿಲ್ಲವೆಂದು ಅವರನ್ನು ತಿರುಗಿಸಿ ಕಳುಹಿಸಿದ್ದವು. ಸರ್ವೋಚ್ಚ ನ್ಯಾಯಾಲಯ ಈ ತರ್ಕವನ್ನೇ ತಲೆಕೆಳಗು ಮಾಡಿತು. ಹೆಣ್ಣನ್ನು ಹೊರಗಿಡುವ ರೂಢಿಯುಂಟೆಂದು ಯಾರೂ ತೋರಿಸಿಕೊಡಲಿಲ್ಲವಲ್ಲ. ಹಾಗಿರುವಾಗ ಹೊರಗಿಡುವುದನ್ನೇ ಸಹಜವೆಂದು ಏಕೆ ಭಾವಿಸಬೇಕು ಎಂದಿತು. ಸಂವಿಧಾನದ 14ನೆಯ ವಿಧಿಯ ಸಮಾನತೆಯನ್ನು ಆಧರಿಸಿ ಪಾಲನ್ನು ಕೊಡಿಸಿತು. ನನ್ನ ಅಲ್ಪಮತಿಗೆ ತೋರುವ ಮಟ್ಟಿಗೆ, ಈ ವಿಚಾರದಲ್ಲಿ ಇಷ್ಟು ಸೂಕ್ಷ್ಮವಾದ ಹೆಜ್ಜೆ ಅಪರೂಪ. ಬುಡಕಟ್ಟಿನ ರೂಢಿಯನ್ನು ಅದು ತಿರಸ್ಕರಿಸಲಿಲ್ಲ. ರೂಢಿಯಿದೆ ಎಂಬ ಗಾಳಿಮಾತನ್ನು ಒಪ್ಪಲೂ ಇಲ್ಲ. ರುಜುವಾತಿನ ಹೊಣೆ ಯಾರ ಹೆಗಲ ಮೇಲೆ ಎಂಬುದನ್ನು ಮಾತ್ರ ಬದಲಿಸಿತು.

2007ರ ಸೆಪ್ಟೆಂಬರ್ 13ರಂದು ವಿಶ್ವಸಂಸ್ಥೆಯ ಮಹಾಸಭೆ ಮೂಲನಿವಾಸಿಗಳ ಹಕ್ಕುಗಳ ಘೋಷಣೆಯನ್ನು ಅಂಗೀಕರಿಸಿತು. 144 ದೇಶಗಳು ಒಪ್ಪಿದವು. ನಮ್ಮ ದೇಶವೂ ಒಪ್ಪಿತು, ಭಾರತೀಯರೆಲ್ಲರೂ ಮೂಲನಿವಾಸಿಗಳೇ ಎಂಬ ತನ್ನ ಹಳೆಯ ವಾದವನ್ನು ಬಿಡದೆಯೇ. ಬೇಡವೆಂದವು ಆಗ ನಾಲ್ಕೇ: ಅಮೆರಿಕ, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್. ಬಿಳಿಯರು ಬಂದು ನೆಲೆಸಿ ಮೂಲದವರನ್ನು ಮೂಲೆಗೊತ್ತಿದ ನಾಲ್ಕು ದೇಶಗಳೇ ಅವು ಎಂಬುದು ಆಕಸ್ಮಿಕವಲ್ಲ; ಮುಂದೆ ಅವೂ ಬೆಂಬಲ ಸೂಚಿಸಿದುವೆನ್ನಿ. ಆ ಘೋಷಣೆ ಸ್ವಯಂನಿರ್ಣಯದ ಹಕ್ಕನ್ನು ಕೊಟ್ಟು, ಅದರೊಡನೆಯೇ 34ನೆಯ ವಿಧಿಯಲ್ಲಿ ಅವರ ರೂಢಿ ಮತ್ತು ನ್ಯಾಯವ್ಯವಸ್ಥೆಗಳು ಅಂತರರಾಷ್ಟ್ರೀಯ ಮಾನವ ಹಕ್ಕುಗಳಿಗೆ ಅನುಗುಣವಾಗಿರಬೇಕೆಂದೂ, 44ರಲ್ಲಿ ಹೆಣ್ಣು ಗಂಡಿಗೆ ಹಕ್ಕುಗಳು ಸಮಾನವೆಂದೂ ಹೇಳಿದೆ. ಎರಡು ಮಾತುಗಳೂ ಒಂದೇ ಹಾಳೆಯ ಮೇಲಿವೆ. ಅವು ಡಿಕ್ಕಿ ಹೊಡೆದಾಗ ಏನು ಮಾಡಬೇಕೆಂಬುದನ್ನು ಹಾಳೆ ಹೇಳುವುದಿಲ್ಲ.

ಹಾಗಾದರೆ ಹೇಳುವವರು ಯಾರು? ಹೊರಗಿನ ನ್ಯಾಯಪೀಠ ಕಟ್ಟಳೆಯನ್ನು ತಾನೇ ಬರೆಯಹೋಗಬಾರದು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಕಟ್ಟಳೆ ಮಾಡಿದಾಗ ಅದರಿಂದ ನೋಯುವವರ ಮಾತನ್ನು ಕೇಳಿದ್ದರೆ, ಅದನ್ನು ಪ್ರಶ್ನಿಸಲು ಒಳಗೆ ಒಂದು ಜಾಗವಿದೆಯೆ ಎಂದು ಕೇಳುವ ಅಧಿಕಾರವಾದರೂ ಅದಕ್ಕೆ ಇರಬೇಕು. ಇಲ್ಲವೆಂದಾದರೆ, ಹೋಗಿ ಅಂಥ ಜಾಗವನ್ನು ಮಾಡಿಕೊಂಡು ಬನ್ನಿ ಎಂದು ಹಿಂದಕ್ಕೆ ಕಳುಹಿಸಬೇಕು. ಆಯ್ದಕ್ಕಿ ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ ತಿದ್ದಿದ್ದು ಬಿಜ್ಜಳನ ಅಧಿಕಾರಿಯಲ್ಲ, ಹೆಂಡತಿ ಲಕ್ಕಮ್ಮ. ತಿದ್ದಿಸಿಕೊಳ್ಳುವ ಸಮುದಾಯಕ್ಕೆ ಹೊರಗಿನ ತಿದ್ದುಪಡಿ ಬೇಕಾಗುವುದಿಲ್ಲ. ಲಕ್ಕಮ್ಮನ ಬಾಯಿ ಮುಚ್ಚಿಸಿದ ಸಮುದಾಯ ತನ್ನ ಸ್ವಾತಂತ್ರ್ಯದ ಹೆಸರಿನಲ್ಲಿ ಏನನ್ನು ಕೇಳಿದರೂ ಕೇಳುವವರಿಗೆ ಅನುಮಾನ ಬರುವುದು ಸ್ವಾಭಾವಿಕ.

ಇಷ್ಟನ್ನು ಬುಡಕಟ್ಟುಗಳನ್ನು ಕುರಿತು ಬರೆಯುತ್ತಾ ನಮ್ಮ ಮನೆಯ ಮಾತನ್ನು ಬಿಟ್ಟರೆ ಅಪ್ರಾಮಾಣಿಕತೆಯಾದೀತು. ಸಂವಿಧಾನದ 26ನೆಯ ವಿಧಿಯ ನೆರಳಿನಲ್ಲಿ ನಮ್ಮ ಮಠಗಳೂ ತಮ್ಮ ವ್ಯವಹಾರವನ್ನು ತಾವೇ ನಡೆಸಿಕೊಳ್ಳುತ್ತವೆ. ಅದು ಸರಿಯಾದ ಹಕ್ಕು. ಆದರೆ ಹರಳಯ್ಯ–ಮಧುವರಸರ ಸ್ಮರಣೆಯನ್ನು ಮಾಡುವ ನಾವೇ ಹೆಣ್ಣು ಕೊಡುವಾಗ, ತರುವಾಗ ಒಳಪಂಗಡವನ್ನು ಕೇಳುತ್ತೇವೆ. ಪ್ರಸಾದನಿಲಯದಲ್ಲಿ ಒಂದೇ ಪಂಕ್ತಿಯಲ್ಲಿ ಕುಳಿತು ಉಂಡ ಗೆಳೆಯರು ಬೀಗರಾಗುವ ಮಾತು ಬಂದಾಗ ಎದ್ದುಹೋದುದನ್ನು ನಾನು ಕಂಡಿದ್ದೇನೆ, ನೀವೂ ಕಂಡಿರಬೇಕು. ಸಾಂತಾ ಕ್ಲಾರಾದ ಜನರಿಗೆ ಕರಗಿಹೋಗುವ ಭಯವಿತ್ತು, ನೆಲ ಸಾಲದ ಕಷ್ಟವಿತ್ತು. ನಮಗೆ ಯಾವ ಭಯ?

ಆ ಊರಿನ ವೃತ್ತಾಂತದ ಮುಂದಿನ ಭಾಗವನ್ನು ಹೇಳುವುದೊಂದು ಉಳಿದಿದೆ. 1978ರ ತೀರ್ಪಿನ ಮೇಲೆಯೂ ಕಟ್ಟಳೆ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಹಾಗೆಯೇ ಇತ್ತು. 2012ರಲ್ಲಿ ಆ ಸಮುದಾಯದವರೇ ಮತ ಹಾಕಿ ಅದನ್ನು ಬದಲಿಸಲು ನಿರ್ಧರಿಸಿದರು. ಯಾವ ನ್ಯಾಯಾಲಯವೂ ಆಜ್ಞೆ ಮಾಡಿರಲಿಲ್ಲ. ಮಾರ್ಷಲ್ಲರ ನಂಬಿಕೆ ಸುಳ್ಳಾಗಲಿಲ್ಲವೆಂದು ಅವರ ಪಕ್ಷದವರು ಹೇಳಬಹುದು. ಜೂಲಿಯಾ ಮಾರ್ಟಿನೆಜ್ ಮದುವೆಯಾಗಿ ಆಗ ಎಪ್ಪತ್ತೊಂದು ವರ್ಷ ಕಳೆದಿತ್ತು.